ಆರನ್ ಸ್ವಾರ್ಟ್ಜ್ ಮಾಡಿದ್ದು ಕಳ್ಳತನವಾ?

ಬಸವನಗುಡಿ ಹುಡುಗ:
ಅಮೆರಿಕದ ಪ್ರೋಗ್ರಾಮರ್ ಆರನ್ ಸ್ವಾರ್ಟ್ಜ್ ಬಗ್ಗೆ ಬಂದ ‘ದಿ ಇಂಟರ್ನೆಟ್ಸ್ ಓನ್ ಬಾಯ್’ ಡಾಕ್ಯುಮೆಂಟರಿ ನೋಡಿದೆ. ತುಂಬಾ ಬೇಜಾರಾಯಿತು. ವೆಬ್‌ಸೈಟಿನ ಹೊಸ ಬರಹಗಳು ತಾವಾಗೇ ಓದುಗರಿಗೆ ತಲುಪುವ ಆರ್‌ಎಸ್‌ಎಸ್ ಫೀಡ್ ಅನ್ನೋ ವ್ಯವಸ್ಥೆಯನ್ನು ರೂಪಿಸಿದವರ ಜೊತೆ ಹದಿನಾಲ್ಕಕ್ಕೇ ಕೆಲಸ ಮಾಡಿದವನು, 26ಕ್ಕೆ ಜೀವ ಕಳೆದುಕೊಂಡ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವೈರಿಂಗ್ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟು, ದುಡ್ಡು ಕೊಟ್ಟು ಓದಬೇಕಾದ ಜೆಸ್ಟೋರ್ ಅನ್ನೋ ಆನ್‌ಲೈನ್ ಸಂಗ್ರಹದಿಂದ ಲಕ್ಷಗಟ್ಟಲೆ ಸಂಶೋಧನಾ ಲೇಖನ ಇಳಿಸಿಕೊಂಡ. ಕ್ಯಾಮೆರಾಗೆ ಕಾಣಬಾರದು ಅಂತ ಸೈಕಲ್ ಹೆಲ್ಮೆಟ್ಟನ್ನು ಮುಖಕ್ಕೆ ಅಡ್ಡ ಹಿಡಿದು ಬರುತ್ತಾನಲ್ಲ, ಅದನ್ನು ನೋಡಿದ ರೂಮ್‌ಮೇಟ್ ‘ತಪ್ಪಿಲ್ಲ ಅಂದ್ರೆ ಮುಖ ಯಾಕೆ ಮುಚ್ಚಿಕೊಳ್ಳಬೇಕು’ ಅಂದ. ನಿಮಗೇನನ್ನಿಸುತ್ತದೆ?

ಮಲ್ಲೇಶ್ವರಂ ಓದುಗ:
ಕಳ್ಳತನ ಅನ್ನೋದು ದೊಡ್ಡ ಮಾತು ಗುರು. ಫೈಲುಗಳನ್ನು ಒಪ್ಪಿಸಿದ ಮೇಲೆ ಜೆಸ್ಟೋರೇ ಅವನ ಮೇಲೆ ಕೇಸ್ ಬೇಡ ಅಂತ ಹಿಂದೆ ಸರಿಯಿತು. ಪಟ್ಟು ಹಿಡಿದವರು ಸರ್ಕಾರಿ ವಕೀಲರು. 2011ರಲ್ಲಿ 4 ಆರೋಪ ಇದ್ದದ್ದು 2012ರಲ್ಲಿ 13 ಆಯಿತು, ಅದರಲ್ಲಿ ಕಾಪಿರೈಟ್ ಆರೋಪ ಒಂದೂ ಇರಲಿಲ್ಲ, ಎಲ್ಲಾ ವಂಚನೆ ಮತ್ತು 1986ರ ಕಂಪ್ಯೂಟರ್ ಕಾಯ್ದೆಯದ್ದೇ. ದುಡ್ಡು ಮಾಡಿಕೊಳ್ಳದವನಿಗೆ ದಶಕಗಟ್ಟಲೆ ಜೈಲಿನ ಬೆದರಿಕೆ. ಇದು ನ್ಯಾಯವಾ?

ಲೈಬ್ರರಿ ಕೆಲಸದವಳು:
ಶಿಕ್ಷೆಯ ಬಗ್ಗೆ ನಿಮ್ಮ ಮಾತು ಸರಿ. ಆದರೆ ಬ್ಲಾಕ್ ಮಾಡಿದ ಮೇಲೂ ಬೇರೆ ಬೇರೆ ದಾರಿಯಲ್ಲಿ ನುಗ್ಗಿದ್ದು ನನಗೆ ಹಿಡಿಸಲಿಲ್ಲ, ಯಾಕಂದ್ರೆ ಅದರಿಂದ ಎಂಐಟಿಗೇ ಕೆಲವು ದಿನ ಜೆಸ್ಟೋರ್ ಬಂದ್ ಆಗಿ ಏನೂ ಗೊತ್ತಿಲ್ಲದ ವಿದ್ಯಾರ್ಥಿಗಳು ಪರದಾಡಬೇಕಾಯಿತು. ಅಂಥ ಸಮಯದಲ್ಲಿ ಬೈಸಿಕೊಳ್ಳೋದು ಡೆಸ್ಕಿನಲ್ಲಿ ಕೂತ ನಮ್ಮಂಥವರು. ಆದರೂ ಅವನು ಎತ್ತಿದ ಪ್ರಶ್ನೆ ಸುಳ್ಳಲ್ಲ. ಸಂಶೋಧನೆಗೆ ಜನರ ತೆರಿಗೆ ದುಡ್ಡು, ಓದೋದಕ್ಕೆ ಮತ್ತೆ ದುಡ್ಡು.

ಅವೆನ್ಯೂ ರೋಡ್ ಅಲೆಮಾರಿ:
ನಮ್ಮ ಕಡೆ ನೋಡಿ. ಇಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಕಾಪಿರೈಟ್. ಮತ್ತೆ ಅಚ್ಚಾಗದ ಎಷ್ಟೋ ಕನ್ನಡ ಪುಸ್ತಕ ಅವೆನ್ಯೂ ರೋಡಿನ ಹಳೇ ಪುಸ್ತಕದ ರಾಶಿಯಲ್ಲಿ ಹುಡುಕಿದರೂ ಸಿಗಲ್ಲ, ಸಿಕ್ಕರೆ ಅರ್ಧ ಗೆದ್ದಲು ತಿಂದಿರುತ್ತದೆ. ಆದರೆ ನುಗ್ಗದೆಯೂ ದಾರಿ ಇದೆ. ನಿರಂಜನರ ಪುಸ್ತಕಗಳನ್ನು 2014ರಲ್ಲಿ ಅವರ ಮನೆಯವರೇ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿಗೆ, ಅಂದ್ರೆ ಬೇರೆಯವರೂ ಹಂಚಿಕೊಳ್ಳಲು ಮೊದಲೇ ಅನುಮತಿ ಕೊಡುವ ಲೈಸೆನ್ಸಿಗೆ, ಬಿಟ್ಟುಕೊಟ್ಟರು, ಈಗ ಯಾರು ಬೇಕಾದರೂ ವಿಕಿಸೋರ್ಸ್ ಅನ್ನೋ ಉಚಿತ ಆನ್‌ಲೈನ್ ಪುಸ್ತಕ ಭಂಡಾರಕ್ಕೆ ಟೈಪ್ ಮಾಡಿ ಹಾಕಬಹುದು. ಆ ಲೈಸೆನ್ಸ್ ಕಟ್ಟುವಾಗ ತಾಂತ್ರಿಕ ಕೆಲಸ ಮಾಡಿದವರಲ್ಲಿ ಆರನ್ ಕೂಡ ಒಬ್ಬ, ಆಗಿನ್ನೂ ಮೀಸೆ ಚಿಗುರದ ಹುಡುಗ. ನಿಮ್ಮ ರೂಮ್‌ಮೇಟ್‌ಗೆ ಇದನ್ನೂ ಹೇಳಿ. ಮನೆಯಲ್ಲಿ ಅಜ್ಜನೋ ಅಜ್ಜಿಯೋ ಬರೆದ ಪುಸ್ತಕ ಇದ್ದರೆ ನೀವೂ ಒಮ್ಮೆ ಕೇಳಿ ನೋಡಿ.