ಬೆಲ್ ಯಾರ ಮನೆಯಲ್ಲಿ ಬಡಿಯಬೇಕು?

ಸಂಘದ ಕಾರ್ಯದರ್ಶಿ, ಭಾನುವಾರ ಬೆಳಿಗ್ಗೆ 7:40
ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಇಲ್ಲಿ ಒಬ್ಬರು ಒಂದು ಮನೆಯ ನಂಬರ್ ಸಮೇತ, ಅಲ್ಲಿಯ ಅಜ್ಜಿಗೆ ಹೊತ್ತಿಗೆ ಸರಿಯಾಗಿ ಊಟ ಕೊಡುತ್ತಿಲ್ಲ ಎಂದು ಬರೆದಿದ್ದರು. ಆ ಮೆಸೇಜನ್ನು ನಾನೇ ಅಳಿಸಿದೆ. ಬರೆದವರ ಮೇಲೆ ಸಿಟ್ಟಿಲ್ಲ, ಕಾಳಜಿಯಿಂದಲೇ ಬರೆದಿದ್ದಾರೆ. ಆದರೆ ಈ ಗುಂಪಿನಲ್ಲಿ 212 ಜನ ಇದ್ದೇವೆ. ಆ ಮನೆಯವರೂ ಇದ್ದಾರೆ. ನಾವು ಇಲ್ಲಿ ಬರೆದದ್ದಕ್ಕೆ ಅಲ್ಲಿ ಬೈಸಿಕೊಳ್ಳುವವರು ಯಾರು? ಯಾವ ಮನೆ ಎಂಬ ಮಾತು ಬೇಡ. ನಮ್ಮ ಬಡಾವಣೆಯ ವಯಸ್ಸಾದವರಿಗೆ ನಾವು ಏನು ಮಾಡಬಹುದು, ಅದನ್ನು ಮಾತಾಡೋಣ.

ಮೊಬೈಲ್ ಅಂಗಡಿ, 2ನೇ ಕ್ರಾಸ್, 7:58
ಸಾರ್, ಇದಕ್ಕೆ ಕ್ಯಾಮೆರಾ ಒಂದೇ ದಾರಿ. ವೈಫೈ ಕ್ಯಾಮೆರಾ ಈಗ ಎರಡು ಸಾವಿರಕ್ಕೆಲ್ಲ ಬರುತ್ತದೆ. ಹಾಲ್‌ನಲ್ಲಿ ಒಂದು ಹಾಕಿದರೆ ಮಕ್ಕಳು ಎಲ್ಲಿದ್ದರೂ ಮೊಬೈಲಿನಲ್ಲಿ ನೋಡಬಹುದು. ಮಾತೂ ಆಡಬಹುದು. ಫಿಟ್ಟಿಂಗ್ ನಾನು ಫ್ರೀ ಮಾಡಿಕೊಡುತ್ತೇನೆ.

ಟೀಚರ್, 4ನೇ ಕ್ರಾಸ್, 8:31
ಅಣ್ಣಾ, ನಿಮ್ಮ ಮನಸ್ಸು ದೊಡ್ಡದು. ಆದರೆ ನಾನು ಕಂಡದ್ದು ಹೇಳುತ್ತೇನೆ. ಚಿತ್ರದುರ್ಗದಲ್ಲಿ ನಮ್ಮ ದೊಡ್ಡಮ್ಮ ಇದ್ದರು, 80 ದಾಟಿತ್ತು. ಮಗ ಬೇರೆ ಊರಲ್ಲಿ. ಹಾಲ್‌ನಲ್ಲಿ ಇಂಥದ್ದೇ ಕ್ಯಾಮೆರಾ ಹಾಕಿಸಿದ್ದ. ಒಂದು ಸಂಜೆ ನಾನು ಹೋಗಿ ಕೂತು ಹತ್ತು ನಿಮಿಷ ಆಗಿರಲಿಲ್ಲ. ಗೋಡೆ ಮೇಲಿಂದ ಮಾತು ಬಂತು. "ಇಷ್ಟೊತ್ತು ಯಾರ ಜೊತೆ ಏನು ಮಾತು? ಟಿವಿ ಆಫ್ ಮಾಡು, ಕರೆಂಟ್ ಬಿಲ್ ನಾನು ಕಟ್ಟೋದು." ದೊಡ್ಡಮ್ಮ ಸುಮ್ನೆ ಎದ್ದು ಟಿವಿ ಆಫ್ ಮಾಡಿದರು. ನನಗೆ ಚಹಾ ಬೇಕಾ ಎಂದು ಕೈಸನ್ನೆಯಲ್ಲಿ ಕೇಳಿದರು. ಬಾಯಿ ಬಿಟ್ಟು ಕೇಳಲಿಲ್ಲ.
ಪೆಟ್ಟು ಬೀಳಲಿಲ್ಲ, ಊಟವೂ ಇತ್ತು. ಆದರೂ ಅದು ಹಿಂಸೆ ಅಲ್ವಾ? ಆ ಕ್ಯಾಮೆರಾ ಮಗನ ಮೊಬೈಲಿಗೆ ಮಾತ್ರ ಕಾಣುತ್ತಿತ್ತು. ಅವಳನ್ನು ಹೆದರಿಸುವವನೇ ಅವನು.

ಬೆಂಗಳೂರಿನಲ್ಲಿರುವ ಮಗ, ಅಪ್ಪ 1ನೇ ಕ್ರಾಸ್, 8:50
ಮೇಡಂ, ನಮ್ಮ ಮನೆಯ ಕಥೆ ತಿರುಗಾ ಮುರುಗಾ. ಅಪ್ಪನಿಗೆ ಪಾರ್ಶ್ವವಾಯು ಆದ ಮೇಲೆ ಏಜೆನ್ಸಿಯಿಂದ ಒಬ್ಬರನ್ನು ನೋಡಿಕೊಳ್ಳಲು ಇಟ್ಟಿದ್ದೆವು. ಅಪ್ಪನಿಗೆ ಮಾತು ಬರುವುದಿಲ್ಲ. ತೊಡೆ ಮೇಲೆ ಕಲೆ ಕಂಡಿತು. ಕೇಳಿದರೆ ಮಂಚಕ್ಕೆ ತಾಗಿತು ಎಂದರು. ಕ್ಯಾಮೆರಾ ಹಾಕಿದ ಮೂರನೇ ದಿನ ಗೊತ್ತಾಯಿತು, ಚಿವುಟುತ್ತಿದ್ದರು. ಅದಿಲ್ಲದಿದ್ದರೆ ನಮಗೆ ತಿಳಿಯುತ್ತಲೇ ಇರಲಿಲ್ಲ. ಆದ್ದರಿಂದ ಕ್ಯಾಮೆರಾನೇ ಬೇಡ ಎನ್ನಬೇಡಿ. ಈಗ ಅದು ನನ್ನ ಮೊಬೈಲಿಗೂ ಅಕ್ಕನ ಮೊಬೈಲಿಗೂ ಕಾಣುತ್ತದೆ. ಸ್ನಾನ ಮಾಡಿಸುವಾಗ ಬಟ್ಟೆ ಮುಚ್ಚುತ್ತೇವೆ. ಅಪ್ಪನನ್ನು ಕೇಳಿಯೇ ಹಾಕಿದ್ದು. ತಲೆ ಆಡಿಸಿದರು.

ಪಾರ್ಕ್ ಎದುರಿನ ಮನೆ, 9:15
ಎಲ್ಲಾ ಸರಿ. ಆದರೆ ಇದು ಅವರವರ ಮನೆ ವಿಷಯ. ನಾವು ಹೋಗಿ ಮೂಗು ತೂರಿಸಿದರೆ ನಾಳೆ ನಮ್ಮ ಮನೆಗೂ ಯಾರೋ ಬಂದು ಪ್ರಶ್ನೆ ಮಾಡುತ್ತಾರೆ.

ಕಿರಾಣಿ ಅಂಗಡಿ, 3ನೇ ಕ್ರಾಸ್, 9:22
ಮಾಡಲಿ ಬಿಡಿ ಸಾರ್.

ನಿವೃತ್ತ ಶಿರಸ್ತೇದಾರರು, 10:05
ಮನೆ ವಿಷಯ ಎಂಬ ಮಾತಿಗೆ ಉತ್ತರ. 2007ರಲ್ಲಿ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪಾಲನೆ ಪೋಷಣೆಯ ಕಾಯ್ದೆ ಬಂದಿದೆ. 60 ದಾಟಿದವರು ಮಕ್ಕಳಿಂದ ಜೀವನಾಂಶ ಕೇಳಬಹುದು. ಮಕ್ಕಳಿಲ್ಲದಿದ್ದರೆ ಆಸ್ತಿ ಸಿಗುವ ಸಂಬಂಧಿಕರಿಂದ ಕೇಳಬಹುದು. ಅರ್ಜಿ ಕೊಡಬೇಕಾದ್ದು ಉಪವಿಭಾಗಾಧಿಕಾರಿಗಳಿಗೆ, ಅಂದರೆ ನಮ್ಮ ಎಸಿ ಆಫೀಸಿಗೆ. ದಾವಣಗೆರೆಯಲ್ಲೇ ಇದೆ, ದೂರ ಅಲೆಯಬೇಕಿಲ್ಲ. ನೋಟಿಸ್ ಹೋದ 90 ದಿನದೊಳಗೆ ತೀರ್ಮಾನ ಆಗಬೇಕು ಎಂದು ಕಾಯ್ದೆ ಹೇಳುತ್ತದೆ, ಹೆಚ್ಚೆಂದರೆ ಇನ್ನೊಂದು 30 ದಿನ. ಹಿರಿಯರಿಗೆ ಓಡಾಡಲು ಆಗದಿದ್ದರೆ ಅವರು ಒಪ್ಪಿಗೆ ಕೊಟ್ಟ ಬೇರೆಯವರೋ ಸಂಸ್ಥೆಯೋ ಅರ್ಜಿ ಹಾಕಬಹುದು. ನೋಡಿಕೊಳ್ಳಬೇಕಾದವರೇ ಹಿರಿಯರನ್ನು ಬೀದಿಪಾಲು ಮಾಡಿ ಬಿಟ್ಟರೆ 24ನೇ ಕಲಮಿನಲ್ಲಿ ಮೂರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ.
ಆದರೆ ನಾನು ಕಚೇರಿಯಲ್ಲಿ ಕಂಡದ್ದು ಹೇಳುತ್ತೇನೆ. ಹೆಚ್ಚಿನ ಗಲಾಟೆ ಅನ್ನದ್ದಲ್ಲ, ದಾನಪತ್ರದ್ದು. ಮಗನ ಹೆಸರಿಗೆ ಮನೆ ಬರೆದುಕೊಡುತ್ತಾರೆ. ಖಾತೆ ಬದಲಾಗುತ್ತದೆ. ಆಮೇಲೆ ನಡುಮನೆಯಲ್ಲಿದ್ದ ಮಂಚ ಹಿತ್ತಲ ಕೋಣೆಗೆ ಹೋಗುತ್ತದೆ. 23ನೇ ಕಲಮಿನ ಪ್ರಕಾರ, ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿ, ನೋಡಿಕೊಳ್ಳದಿದ್ದರೆ ರದ್ದಾಗಬಹುದು. ಆ ಷರತ್ತು ಬರವಣಿಗೆಯಲ್ಲಿ ಇರಲಿ. ಮಗ ಒಳ್ಳೆಯವನೇ ಇರಲಿ, ಆದರೂ ಒಂದು ಸಾಲು ಬರೆಸಿ. ಒಳ್ಳೆಯ ಮಗ ಬೇಸರ ಮಾಡಿಕೊಳ್ಳುವುದಿಲ್ಲ.

ಕಿರಾಣಿ ಅಂಗಡಿ, 10:20
ಯಜಮಾನ್ರೆ, ಆಸ್ತಿ ಇಲ್ಲದವರದ್ದು ಪಾಸ್‌ಬುಕ್ಕಿನ ಕಥೆ. ವಯಸ್ಸಾದವರಿಗೆ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿ 1,200 ರೂಪಾಯಿ ಬರುತ್ತದೆ, ಎಟಿಎಂ ಕಾರ್ಡ್ ಮೊಮ್ಮಗನ ಜೇಬಿನಲ್ಲಿ. ಬ್ಯಾಂಕಿನ ಮೆಸೇಜ್ ಬರುವ ಸಿಮ್ಮೂ ಅವನದೇ. ಅಜ್ಜಿ ನನ್ನ ಹತ್ತಿರ ಎರಡು ರೂಪಾಯಿಯ ಎಲೆ ಅಡಿಕೆ ಸಾಲ ಬರೆಸುತ್ತಾರೆ.

ಮೊಬೈಲ್ ಅಂಗಡಿ, 10:34
ಅದಕ್ಕೆ ನನ್ನ ಕೈಲಿ ಪರಿಹಾರ ಇದೆ. ಬಟನ್ ಫೋನ್, ಹಿರಿಯರ ಹೆಸರಿನದೇ ಸಿಮ್. ಬ್ಯಾಂಕಿನಲ್ಲಿ ಆ ನಂಬರನ್ನೇ ಕೊಡಲಿ. ಹೆಬ್ಬೆಟ್ಟು ಒತ್ತಿಸಿ ದುಡ್ಡು ತೆಗೆಯುವ ಭಯ ಇದ್ದರೆ ಆಧಾರ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಬಹುದು. ಪಿಂಚಣಿಗೆ ಹೆಬ್ಬೆಟ್ಟು ಬೇಕಾದಾಗ ಮತ್ತೆ ತೆಗೆಯಬೇಕು, ಅದನ್ನು ಮರೆಯಬಾರದು. 2017ರಿಂದ ಮಾರುವ ಬಟನ್ ಫೋನುಗಳಲ್ಲಿ 5 ಅಥವಾ 9 ಒತ್ತಿ ಹಿಡಿದರೆ ತುರ್ತು ಕರೆ ಹೋಗಬೇಕು ಎಂಬ ನಿಯಮ ಇದೆ. ಹೋಗುತ್ತದಾ ಎಂದು ಅಂಗಡಿಯಲ್ಲೇ ನೋಡಿಕೊಡುತ್ತೇನೆ.

5ನೇ ಕ್ರಾಸ್ ಸೊಸೆ, 11:10
ಒಂದು ಮಾತು ಹೇಳಲಾ? ಯಾರೂ ತಪ್ಪು ತಿಳಿಯಬೇಡಿ. ಹಾಸಿಗೆ ಹಿಡಿದ ನಮ್ಮ ಮಾವನವರನ್ನು ನಾಲ್ಕು ವರ್ಷ ನೋಡಿಕೊಂಡೆ. ನಲ್ಲಿ ನೀರು ಬರುವುದೇ ರಾತ್ರಿ ಒಂದು ಗಂಟೆಗೆ. ನೀರು ಹಿಡಿದು, ಅವರ ಬಟ್ಟೆ ಒಗೆದು, ಬೆಳಿಗ್ಗೆ ಮಕ್ಕಳ ಡಬ್ಬಿ. ಒಂದು ದಿನ ಅವರ ಮೇಲೆ ಕೂಗಾಡಿದೆ. ತಟ್ಟೆ ಎಸೆದೆ. ಅವತ್ತು ಪಕ್ಕದ ಮನೆಯವರೊಬ್ಬರು ಬಂದು, "ನೀನು ಎರಡು ತಾಸು ಮಲಗು, ನಾನು ಇಲ್ಲಿ ಕೂರುತ್ತೇನೆ" ಎಂದಿದ್ದರೆ ತಟ್ಟೆ ಎಸೆಯುತ್ತಿರಲಿಲ್ಲ. ಯಾರೂ ಬರಲಿಲ್ಲ. ಕಿಟಕಿಯಿಂದ ನೋಡಿದರು ಅಷ್ಟೇ.

ಟೀಚರ್, 11:14
ಅಕ್ಕಾ, ನಾವೂ ನೋಡಿದವರೇ. ಬರಬೇಕಿತ್ತು.

ಪಾರ್ಕ್ ಎದುರಿನ ಮನೆ, 11:40
ನಮ್ಮ ಅಮ್ಮ ವಾಯ್ಸ್ ಕಳಿಸು ಎಂದರು, ಬರಲಿಲ್ಲ. ಹೇಳಿದ್ದನ್ನು ಹಾಗೇ ಟೈಪ್ ಮಾಡುತ್ತಿದ್ದೇನೆ. "ಮೊಬೈಲಲ್ಲಿ ಮಾತಾಡಿದರೆ ಮನೆಯವರಿಗೆಲ್ಲ ಕೇಳುತ್ತದೆ. ಕಣ್ಣೂ ಕಾಣುವುದಿಲ್ಲ, ನಂಬರ್ ಎಲ್ಲಿ ಒತ್ತಲಿ? ಬಾಗಿಲ ಬೆಲ್ ಇರ್ತದಲ್ಲ, ಅಂಥದ್ದು ಒಂದು ಕೊಡಿ. ಒತ್ತಿದರೆ ಪಕ್ಕದ ಮನೇಲಿ ಬಡಿಯಲಿ. ಅವರು ಬಂದು ಸಕ್ಕರೆ ಕೇಳಲಿ. ಪೊಲೀಸ್ ಗಿಲೀಸ್ ಬೇಡ. ಮೊದಲು ಯಾರಾದರೂ ಒಬ್ಬರು ಬಾಗಿಲಿಗೆ ಬಂದರೆ ಅರ್ಧ ಸರಿ ಹೋಗ್ತದೆ."
ಬೆಳಿಗ್ಗೆ ಮೂಗಿನ ಮಾತು ಆಡಿದ್ದೆ. ಅಮ್ಮ ಓದಿಸಿಕೊಂಡು ಬೈದರು.

ಮೊಬೈಲ್ ಅಂಗಡಿ, 11:52
ವೈರ್‌ಲೆಸ್ ಬೆಲ್! 450 ರೂಪಾಯಿ. ಹೊಳೆಯಲೇ ಇಲ್ಲ ನೋಡಿ. ನೆಟ್ ಬೇಡ, ಆ್ಯಪ್ ಬೇಡ. ಪ್ಲಗ್ಗಿಗೆ ಸಿಕ್ಕಿಸುವುದು ಬೇಡ, ಕರೆಂಟ್ ಹೋದರೆ ಬಡಿಯುವುದಿಲ್ಲ. ಎರಡೂ ಕಡೆ ಸೆಲ್ ಇರುವುದು ತರಿಸುತ್ತೇನೆ. ನಡುವೆ ಆರ್‌ಸಿಸಿ ಗೋಡೆ ಎರಡು ಮೂರು ಬಂದರೆ ಸಿಗ್ನಲ್ ಎಳೆಯುವುದಿಲ್ಲ, ಹಾಕಿ ನೋಡಬೇಕು.

ಸಂಘದ ಕಾರ್ಯದರ್ಶಿ, 12:30
ಸರಿ. ಗಣಪತಿ ಹಬ್ಬದ ಉಳಿಕೆ ದುಡ್ಡಿನಲ್ಲಿ ಹತ್ತು ಬೆಲ್ ತರಿಸುತ್ತೇವೆ. ಬೇಕು ಎಂದ ಹಿರಿಯರಿಗೆ ಮಾತ್ರ. ಯಾರ ಮನೆಯಲ್ಲಿ ಬಡಿಯಬೇಕು ಎಂದು ಅವರೇ ಹೇಳಲಿ, ಮಕ್ಕಳಲ್ಲ. ಬೆಲ್ ಬಡಿದರೆ ಒಬ್ಬರೇ ಹೋಗಬೇಡಿ, ಇಬ್ಬರು ಹೋಗಿ. ಜಗಳ ಬೇಡ, ಸಕ್ಕರೆಯೇ ಕೇಳಿ. ಹೊಡೆತ ಬಡಿತ ಕಂಡರೆ ಮಾತ್ರ ತಡ ಮಾಡದೆ 112. ಸಲಹೆಗೆ ಹಿರಿಯರ ಸಹಾಯವಾಣಿ 14567, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಕಾಗದ ಪತ್ರಕ್ಕೆ ಶಿರಸ್ತೇದಾರರು ಭಾನುವಾರ ಪಾರ್ಕಿನಲ್ಲಿ ಕೂರುತ್ತಾರೆ.
ಇನ್ನೊಂದು. ರೋಗಿಗಳನ್ನು ನೋಡಿಕೊಳ್ಳುವ ಮನೆಗಳಿಗೆ ವಾರಕ್ಕೆ ಎರಡು ತಾಸು ಹೋಗಿ ಕೂರುವವರು ನನಗೆ ಬೇರೆಯಾಗಿ ಮೆಸೇಜ್ ಮಾಡಿ. ಗುಂಪಿನಲ್ಲಿ ಬೇಡ.

5ನೇ ಕ್ರಾಸ್ ಸೊಸೆ, 12:33
ನನ್ನ ಹೆಸರು ಮೊದಲು ಬರೆದುಕೊಳ್ಳಿ. ಮಧ್ಯಾಹ್ನ ಎರಡರಿಂದ ನಾಲ್ಕು.

ಕಿರಾಣಿ ಅಂಗಡಿ, ಮುಂದಿನ ಶುಕ್ರವಾರ ಸಂಜೆ 6:10
ನಿನ್ನೆ ನಮ್ಮ ಅಂಗಡಿಯಲ್ಲಿ ಬೆಲ್ ಬಡಿಯಿತು. ಗಿರಾಕಿಗೆ ಮಂಡಕ್ಕಿ ಅಳೆಯುತ್ತಿದ್ದವನು ಸೇರು ಅಲ್ಲೇ ಬಿಟ್ಟು ಹೋದೆ, ನನ್ನ ಹೆಂಡತಿಯೂ ಬಂದಳು. ಸಕ್ಕರೆ ಕೇಳಲು ಹೋದ ಕಿರಾಣಿ ಅಂಗಡಿಯವನು ನಾನೊಬ್ಬನೇ ಇರಬೇಕು. ಬಾಗಿಲು ತೆಗೆದವರ ಮುಖ ಒಂಥರಾ ಆಯಿತು. ಒಳಗೆ ಕೂಗಾಟ ನಿಂತಿತ್ತು. ಅರ್ಧ ಗಂಟೆ ಕೂತು ಬಂದೆವು. ಅಜ್ಜಿಗೆ ನಮ್ಮೆದುರೇ ಊಟ ಬಡಿಸಿದರು.

2ನೇ ಕ್ರಾಸ್, ಹೊಸಬರು, 6:14
ಯಾರ ಮನೆ ಸಾರ್? ಬೆಲ್ ಎಲ್ಲಿ ಇಟ್ಟುಕೊಂಡಿದ್ದಾರೆ?

ಸಂಘದ ಕಾರ್ಯದರ್ಶಿ, 6:15
ಕೇಳಬೇಡಿ. ಕಿರಾಣಿಯವರೇ, ನೀವೂ ಆ ಮೆಸೇಜ್ ಅಳಿಸಿಬಿಡಿ.