38 ಕೆ.ಜಿ. ಟವರ್ ಸ್ಪೀಕರ್‌ಗೆ ಸ್ಪೈಕೋ, ಸಾರ್ಬೊಥೇನೋ, ಸ್ಪ್ರಿಂಗೋ?

ಬಟವಾಡಿ_ಬಾಸ್:
ತುಮಕೂರು, ಎಸ್‌ಐಟಿ ಬಡಾವಣೆ, ಮೊದಲ ಮಹಡಿ. 5 ಇಂಚಿನ ಆರ್‌ಸಿಸಿ ಸ್ಲ್ಯಾಬ್, ಮೇಲೆ ವಿಟ್ರಿಫೈಡ್ ಟೈಲ್ಸ್. ರೂಮು 12×14 ಅಡಿ. ಸ್ಪೀಕರ್ ತಲಾ 38 ಕೆ.ಜಿ., ಎತ್ತರ 110 ಸೆಂ.ಮೀ., ತಳ 20×34 ಸೆಂ.ಮೀ., ಕಾಲು ತಿರುಗಿಸಿ ಹಾಕೋಕೆ ತಳದಲ್ಲಿ ಎಂ8 (8 ಮಿ.ಮೀ. ಸ್ಕ್ರೂ) ಥ್ರೆಡ್. ಜೊತೆಗೆ ಸ್ಪೈಕ್ (ಚೂಪು ತುದಿಯ ಲೋಹದ ಕಾಲು) ಕೊಟ್ಟಿದ್ದಾರೆ. ಬಲಗಡೆಯದು ಅಲುಗಾಡುತ್ತೆ. ಬೇಸ್ ಬಂದಾಗ ಒಂದೇ ಸ್ವರ ಗುಂಯ್ ಅಂತ ಎದ್ದು ಕೇಳುತ್ತೆ, ಕೆಳಗಿನ ಮನೆಗೂ ಹೋಗ್ತಿದೆ. ಸ್ಪೈಕ್, ಸಾರ್ಬೊಥೇನ್ (ಕಂಪನ ಹೀರೋ ಮೆತ್ತನೆ ರಬ್ಬರ್‌ನಂಥ ವಸ್ತು), ಸ್ಪ್ರಿಂಗ್, ಇದರಲ್ಲಿ ಯಾವ ಕಾಲು ಹಾಕಿಸೋದು?

ಕ್ಯಾತ್ಸಂದ್ರ_ಆಡಿಯೊ:
ಮೊದಲು ಟೈಲ್ಸ್ ನೋಡಿ. ಸ್ಪೀಕರ್ ನಿಲ್ಲೋ ಜಾಗವನ್ನೆಲ್ಲ ನಾಣ್ಯದ ಅಂಚಿನಿಂದ ತಟ್ಟುತ್ತಾ ಹೋಗಿ. ಗಟ್ಟಿ, ಮೊಟಕು ಸದ್ದು ಬಂದರೆ ಕೆಳಗೆ ಗಾರೆ ತುಂಬಿದೆ. ಬೊಳಬೊಳ ಅಂದರೆ ಟೈಲ್ ಅಡಿ ಪೊಳ್ಳು; ಅಲ್ಲಿ ಸ್ಪೈಕ್ ಇಡಲೇಬೇಡಿ. ಒಂದು ಸ್ಪೈಕ್‌ಗೆ ಬರೋದು ಸುಮಾರು 9.5 ಕೆ.ಜಿ. ಅಷ್ಟೇ, ಆದರೆ ಅದೆಲ್ಲ ಬೀಳೋದು ಸೂಜಿಯಂಥ ತುದಿ ಮೇಲೆ. ಸ್ಪೀಕರನ್ನ ಓರೆ ಮಾಡಿ ಟಕ್ಕಂತ ಬಿಟ್ಟರೆ ಟೈಲ್ ಸೀಳಬಹುದು. ಗಟ್ಟಿ ಇರೋ ಕಡೆಯೂ ನಡುವೆ ಗುಳಿ ಇರೋ 20–25 ಮಿ.ಮೀ. ಹಿತ್ತಾಳೆ ಬಿಲ್ಲೆ ಬೇಕು, ಇಲ್ಲದಿದ್ರೆ ನುಣುಪಲ್ಲಿ ಜಾರುತ್ತೆ.

ಅಷ್ಟಕ್ಕೂ ಸ್ಪೈಕ್ ಇರೋದು ಕಾರ್ಪೆಟ್ ದಾಟಿ ಗಟ್ಟಿ ನೆಲ ಮುಟ್ಟೋಕೆ. ಅದು ಕಂಪನ ತಡೆಯಲ್ಲ, ನೆಲಕ್ಕೆ ದಾಟಿಸುತ್ತೆ. ನೆಲಮಹಡಿಯಲ್ಲಿ ಮಣ್ಣಿನ ಮೇಲಿನ ಕಾಂಕ್ರೀಟ್ ಆದರೆ ತೊಂದರೆ ಇಲ್ಲ. ನಿಮ್ಮ ನೆಲವೇ ಕೆಳಗಿನವರ ಸೀಲಿಂಗ್, ನಿಮಗೆ ಬೇಡ.

ಅಲುಗಾಟಕ್ಕೆ, ಯಾವ ಕಾಲು ಹಾಕಿದ್ರೂ: ಎಂ8 ಒಂದು ಸುತ್ತಿಗೆ 1.25 ಮಿ.ಮೀ. ಏರುತ್ತೆ. 2.5 ಮಿ.ಮೀ. ಸಂದು ಇದ್ದರೆ ಎರಡು ಸುತ್ತು ಸಾಕು. ಕನಿಷ್ಠ 8 ಮಿ.ಮೀ. ಥ್ರೆಡ್ ಒಳಗೇ ಉಳಿಯಲಿ, ಆಮೇಲೆ ಲಾಕ್‌ನಟ್ಟನ್ನ 13ರ ಸ್ಪ್ಯಾನರ್‌ನಲ್ಲಿ ಬಿಗಿ ಮಾಡಿ. ಕಾಲು ಹಾಕಿದ ಮೇಲೆ ಸ್ಪೀಕರ್ ಎಳೆಯಬೇಡಿ, ಪೆಟ್ಟಿಗೆಯ ಎಂಡಿಎಫ್‌ (ಒತ್ತಿದ ಮರದ ನಾರಿನ ಹಲಗೆ) ನಿಂದ ಇನ್ಸರ್ಟೇ (ಥ್ರೆಡ್ ಇರೋ ಲೋಹದ ಕೊಳವೆ) ಕಿತ್ತು ಬರುತ್ತೆ. ಇಬ್ಬರು ಎತ್ತಿ ಇಡಿ.

ಶಿರಾಗೇಟ್_ಸೌಂಡ್:
ಸ್ಪ್ರಿಂಗ್ ತಗೊಳ್ಳಿ, ಆದರೆ ತೂಕ ಅಳೆದು. ಡ್ರೈವರ್‌ಗಳ ಮ್ಯಾಗ್ನೆಟ್ ಮುಂದಿರೋದ್ರಿಂದ ಮುಂಭಾಗವೇ ಭಾರ. ಮುಂದಿನ ಅಂಚಿನ ಕೆಳಗೆ ಮನೆಯ ತೂಕದ ಯಂತ್ರ, ಹಿಂದೆ ಅಷ್ಟೇ ದಪ್ಪದ ಹಲಗೆ ಇಟ್ಟು ಓದಿ. 22 ಬಂದರೆ ಹಿಂದೆ 16. ಅಂದರೆ ಮುಂದಿನ ಕಾಲಿಗೆ 11, ಹಿಂದಿನದಕ್ಕೆ 8 ಕೆ.ಜಿ.

ಭಾರ ಬಿದ್ದಾಗ ಸ್ಪ್ರಿಂಗ್ ಎಷ್ಟು ಮಿ.ಮೀ. ಕುಗ್ಗುತ್ತೋ ಅದರ ವರ್ಗಮೂಲದಿಂದ 15.8ನ್ನ ಭಾಗಿಸಿ, ಅದರ ಸ್ವಂತ ಆವರ್ತನ (ಸೆಕೆಂಡಿಗೆ ತಾನಾಗೇ ಎಷ್ಟು ಸಲ ಅಲುಗಾಡುತ್ತೆ ಅನ್ನೋದು, ಹರ್ಟ್ಸ್‌ನಲ್ಲಿ) ಸಿಗುತ್ತೆ. 7 ಮಿ.ಮೀ. ಕುಗ್ಗಿದರೆ ಸುಮಾರು 6 ಹರ್ಟ್ಸ್. ಕಂಪನ ತಡೆಯೋದು ಶುರುವಾಗೋದು ಅದರ 1.4 ಪಟ್ಟಿನ ಮೇಲೆ, ಅಂದರೆ 8.5ರಿಂದ, 40 ಹರ್ಟ್ಸ್ ಹೊತ್ತಿಗೆ ಚೆನ್ನಾಗಿ ಕೆಲಸ ಮಾಡುತ್ತೆ. 1 ಮಿ.ಮೀ. ಮಾತ್ರ ಕುಗ್ಗಿದರೆ 16 ಹರ್ಟ್ಸ್, ಲಾಭ ಕಮ್ಮಿ. ಪೂರ್ತಿ ಕುಗ್ಗಿ ಸುರುಳಿಗೆ ಸುರುಳಿ ತಾಗಿದರೆ ಅದು ಬರೀ ಕಬ್ಬಿಣದ ತುಂಡು. ಒಳಗಿನ ಚಿಕ್ಕ ಸ್ಪ್ರಿಂಗ್‌ಗಳನ್ನ ತೆಗೆದು ಹಾಕೋ ಥರದ್ದು ಕೊಳ್ಳಿ: ಮುಂದೆ ಜಾಸ್ತಿ, ಹಿಂದೆ ಕಮ್ಮಿ, ನಾಲ್ಕೂ ಒಂದೇ ಮಟ್ಟಕ್ಕೆ ಕುಗ್ಗಬೇಕು.

ಸಾರ್ಬೊಥೇನನ್ನೂ ಹೀಗೇ ಭಾರ ನೋಡಿ ಆರಿಸಬೇಕು. ಎತ್ತರದ 10–20% ಕುಗ್ಗಬೇಕು. ಕಮ್ಮಿ ಭಾರಕ್ಕೆ ಗಟ್ಟಿಯಾಗೇ ಕೂರುತ್ತೆ, ಜಾಸ್ತಿಯಾದರೆ ಚಪ್ಪಟೆ. ಎಣ್ಣೆ ಜಿನುಗಿ ವೆನೀರ್ (ಪೆಟ್ಟಿಗೆ ಮೇಲಿನ ತೆಳು ಮರದ ಪದರ), ಗ್ರಾನೈಟ್ ಮೇಲೆ ಕಲೆ ಕೂರುತ್ತೆ, ನಡುವೆ ಒಂದು ಗಟ್ಟಿ ಪ್ಲಾಸ್ಟಿಕ್ ಹಾಳೆ ಇರಲಿ.

ಬಟವಾಡಿ_ಬಾಸ್:
ಮನೇಲಿ ಮೂರು ವರ್ಷದ ಮಗು ಇದೆ. 20 ಸೆಂ.ಮೀ. ತಳಕ್ಕೆ ಸ್ಪ್ರಿಂಗ್ ಸರಿಯಾ?

ಕ್ಯಾತ್ಸಂದ್ರ_ಆಡಿಯೊ:
ಖಂಡಿತ ಬೇಡ. ಭಾರದ ಕೇಂದ್ರ 55 ಸೆಂ.ಮೀ. ಎತ್ತರದಲ್ಲಿದೆ ಅಂದುಕೊಂಡರೂ 20 ಸೆಂ.ಮೀ. ತಳದ ಸ್ಪೀಕರ್ 10 ಡಿಗ್ರಿ ವಾಲಿದರೆ ಉರುಳುತ್ತೆ. ಸ್ಪ್ರಿಂಗ್ ಮೇಲಾದರೆ ಅದಕ್ಕೂ ಮೊದಲೇ. ಕಾಲುಗಳನ್ನ ಹೊರಕ್ಕೆ ಚಾಚೋ ಔಟ್‌ರಿಗರ್ ಪಟ್ಟಿ ಹಾಕಿ 32 ಸೆಂ.ಮೀ. ಅಗಲ ಮಾಡಿದರೆ 16 ಡಿಗ್ರಿ. ಮಗು ಇರೋ ಮನೆಗೆ ನನ್ನ ಆಯ್ಕೆ ಗ್ರಾನೈಟ್. ಗ್ರಾನೈಟ್ ಅಂಗಡಿಯಲ್ಲಿ 40×45 ಸೆಂ.ಮೀ., 2 ಸೆಂ.ಮೀ. ದಪ್ಪದ ಉಳಿಕೆ ತುಂಡು ಕೇಳಿ, ಹತ್ತಿರ ಹತ್ತಿರ 10 ಕೆ.ಜಿ. ತೂಗುತ್ತೆ. ಚಪ್ಪಡಿ ಕೆಳಗೆ ಆ 48 ಕೆ.ಜಿ.ಗೆ ತಕ್ಕ ರಬ್ಬರ್ ಪ್ಯಾಡ್ ನಾಲ್ಕು ಮೂಲೆಗೆ, ಮೇಲೆ ಬಿಲ್ಲೆ, ಬಿಲ್ಲೆ ಮೇಲೆ ಸ್ಪೈಕ್. ಬರೀ ಟೈಲ್ ಮೇಲೆ ಕಲ್ಲಿಟ್ಟರೆ ಕಟಕಟ ಅನ್ನುತ್ತೆ. ಜೊತೆಗೆ ಸ್ಪೀಕರ್ ಹಿಂದಿನಿಂದ ಗೋಡೆಗೆ ಒಂದು ಪಟ್ಟಿ ಬಿಗಿಯಿರಿ.

ಶಿರಾಗೇಟ್_ಸೌಂಡ್:
ಮಗು ಇದ್ದರೆ ನಾನೂ ಇದಕ್ಕೇ ಒಪ್ಪಿದೆ.

ಗುಂಯ್‌ಗುಡೋದು ಮಾತ್ರ ಕಾಲಿನಿಂದ ಹೋಗಲ್ಲ. 14 ಅಡಿಗೆ 40, 12 ಅಡಿಗೆ 47 ಹರ್ಟ್ಸ್ ಹತ್ತಿರ ರೂಮೇ ಮೊಳಗುತ್ತೆ. ಆ ಎರಡು ಟೋನ್ ಹಾಕಿ ಆಯಾ ಉದ್ದಕ್ಕೆ ನಡೆದು ನೋಡಿ: ಗೋಡೆ ಹತ್ತಿರ ಜೋರು, ನಡುವೆ ಕ್ಷೀಣ ಆದರೆ ಅದೇ. ಕೂರೋ ಜಾಗವನ್ನ ಹಿಂದಿನ ಗೋಡೆಯಿಂದ ಎರಡು ಅಡಿ ಮುಂದೆ ತನ್ನಿ, ಪೋರ್ಟ್‌ಗೆ (ಸ್ಪೀಕರ್ ಪೆಟ್ಟಿಗೆಯಲ್ಲಿ ಗಾಳಿ ಆಡೋ ಕೊಳವೆ ಬಾಯಿ) ಸ್ಪಂಜ್ ತುಂಬಿ. ಕೆಳಗಿನ ಮನೆಗೆ ಹೋಗೋ ಬೇಸ್ ಬಗ್ಗೆ, ದುಡ್ಡು ಹಾಕೋ ಮೊದಲು ಒಬ್ಬರು ಹಿಡಿದುಕೊಂಡು ಸ್ಪೀಕರನ್ನ ದಪ್ಪ ಸ್ಪಂಜಿನ ಮೇಲೆ ನಿಲ್ಲಿಸಿ, ಇನ್ನೊಬ್ಬರು ಕೆಳಗೆ ಹೋಗಿ ಕೇಳಲಿ. ವ್ಯತ್ಯಾಸ ಇಲ್ಲದಿದ್ರೆ ಸದ್ದು ಗಾಳಿಯಲ್ಲಿ ಹೋಗಿ ಸ್ಲ್ಯಾಬನ್ನ ಅಲ್ಲಾಡಿಸ್ತಿದೆ ಅಂತ. ಆಗ ಯಾವ ಕಾಲೂ ಬೇಡ, ವಾಲ್ಯೂಮ್ ಇಳಿಸಿ, ಇಲ್ಲ ಈಕ್ವಲೈಜರ್‌ನಲ್ಲಿ ಆ 40–47ನ್ನ ತಗ್ಗಿಸಿ.