‘ಮರಳಿ ಮಣ್ಣಿಗೆ’ ಓದಿ ಮುಗಿಯಿತು, ಈ ಮಳೆಗಾಲಕ್ಕೆ ಮುಂದಿನ ಪುಸ್ತಕ ಯಾವುದು?

ಉಡುಪಿಯ ಓದುಗ:

ನಮಸ್ಕಾರ. ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕಡೆ ಸಂಜೆಗಳು ಬಿಡುವಾಗುತ್ತವೆ ಎಂಬುದು ಇಲ್ಲಿರುವ ಎಲ್ಲರಿಗೂ ಗೊತ್ತಿರುವ ವಿಷಯ. ಆ ಬಿಡುವನ್ನೇ ನೆಚ್ಚಿಕೊಂಡು ನಾವು ಕೆಲವರು ಉಡುಪಿಯಲ್ಲಿ ಒಂದು ಓದಿನ ಬಳಗ ಮಾಡಿಕೊಂಡಿದ್ದೇವೆ. ಬ್ಯಾಂಕಿನಿಂದ ನಿವೃತ್ತರಾದವರು, ಕಾಲೇಜಿನಲ್ಲಿ ಪಾಠ ಮಾಡುವವರು, ಮುಂಬಯಿಯಲ್ಲಿ ಹುಟ್ಟಿ ಬೆಳೆದು ಈಗ ಊರಿಗೆ ಬಂದು ನೆಲೆಸಿರುವ ಒಬ್ಬ ದಂಪತಿ, ಹೀಗೆ ನಾನಾ ಬಗೆಯ ಜನ. ಭಾನುವಾರ ಸಂಜೆ ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಕೇಳುತ್ತಾರೆ, ಕೊನೆಗೆ ಚಹಾದೊಂದಿಗೆ ಚರ್ಚೆ ನಡೆಯುತ್ತದೆ.

ಈಚೆಗೆ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಮುಗಿಯಿತು. ರಾಮ ಐತಾಳರ ಮನೆಯ ಮೂರು ತಲೆಮಾರಿನ ಕಥೆಯಲ್ಲಿ ನಮ್ಮವರನ್ನು ಹಿಡಿದಿಟ್ಟದ್ದು ಗಂಡಸರಲ್ಲ, ಐತಾಳರ ಹೆಂಡತಿ ಪಾರೋತಿ, ಸರಸೋತಿ ಮತ್ತು ಸೊಸೆ ನಾಗವೇಣಿ. ಐತಾಳರ ಒಡಹುಟ್ಟಿದವಳಾದ ಸರಸೋತಿ, ವಿಧವೆಯಾಗಿ ತವರಿನಲ್ಲೇ ಉಳಿದು, ತನ್ನದಲ್ಲದ ಸಂಸಾರವನ್ನು ತನ್ನದೆಂದೇ ಹೊತ್ತು ನಡೆಸುವ ಭಾಗವನ್ನು ಓದುವಾಗ ನಮ್ಮ ಮುಂಬಯಿಯ ಅಕ್ಕ ಓದು ನಿಲ್ಲಿಸಿ, ತಮ್ಮ ಮನೆಯಲ್ಲಿದ್ದ ಅಂಥದೇ ಒಬ್ಬ ದೊಡ್ಡತ್ತೆಯ ವಿಷಯ ಹೇಳತೊಡಗಿದರು. ಆ ದಿನ ಪುಸ್ತಕ ಮುಂದೆ ಸಾಗಲಿಲ್ಲ. ಐತಾಳರ ನೆರೆಯವರಾದ ಶೀನ ಮಯ್ಯರ ಮನೆಯವರ ಹೋಟೆಲು ವ್ಯವಹಾರ ಬಂದಾಗಲೂ ಹೀಗೆಯೇ ಆಯಿತು, ಏಕೆಂದರೆ ನಮ್ಮಲ್ಲಿ ಹೋಟೆಲಿನ ನಂಟಿಲ್ಲದ ಕುಟುಂಬವೇ ಕಡಿಮೆ.

ಈಗ ಮುಂದಿನ ಪುಸ್ತಕ ಬೇಕಾಗಿದೆ. ಅದು ಕರಾವಳಿಯ ಬದುಕಿನದ್ದಾಗಿರಬೇಕು, ಗಟ್ಟಿಯಾಗಿ ಓದಲು ಒದಗಬೇಕು, ಚೌತಿಯ ಒಳಗೆ ಮುಗಿಯುವಂತಿರಬೇಕು. ‘ಮೂಕಜ್ಜಿಯ ಕನಸುಗಳು’ ಹೆಚ್ಚಿನವರು ಓದಿರುವುದರಿಂದ ಅದನ್ನು ಬಿಟ್ಟು ಬೇರೆ ಸಲಹೆ ಕೊಡಬೇಕಾಗಿ ಕೋರುತ್ತೇನೆ.

ಘಟ್ಟದ ಬುಡದವ, ಈಗ ಮಂಗಳೂರು:

ಕಾರಂತರನ್ನು ಇಷ್ಟು ಮೆಚ್ಚಿಕೊಂಡಿರುವಾಗ ಅವರನ್ನು ಬಿಟ್ಟು ಹೋಗುವ ಅವಸರವೇಕೆ? ಕಡಲ ಕರೆಯಿಂದ ಘಟ್ಟದ ಬುಡಕ್ಕೆ ಹತ್ತಿ ಬನ್ನಿ. 1943ರ ‘ಬೆಟ್ಟದ ಜೀವ’ವನ್ನು ನಾನು ಸೂಚಿಸುತ್ತೇನೆ. ಸುಬ್ರಹ್ಮಣ್ಯದ ಆಸುಪಾಸಿನ ಕಾಡಿನಲ್ಲಿ ದಾರಿ ತಪ್ಪಿದ ಒಬ್ಬ ಅಪರಿಚಿತನನ್ನು ದೇರಣ್ಣಗೌಡ ಮತ್ತು ಬಟ್ಯ ಎಂಬಿಬ್ಬರು ಗೋಪಾಲಯ್ಯನವರ ಮನೆಗೆ ತಂದು ಮುಟ್ಟಿಸುತ್ತಾರೆ. ಅಲ್ಲಿಂದ ಮುಂದೆ ಕಥೆ ಎನ್ನುವುದಕ್ಕಿಂತ ಆ ಮುದುಕ ದಂಪತಿಯ ಆದರೋಪಚಾರ, ಅಡಿಕೆ ತೋಟ, ಹುಲಿಯ ಕಾಟ ಮತ್ತು ಮನೆ ಬಿಟ್ಟು ಹೋದ ಮಗನ ಬಗ್ಗೆ ಯಾರೂ ಬಾಯಿ ಬಿಟ್ಟು ಆಡದ ದುಃಖ ಇಷ್ಟೇ ಇರುವುದು. ಗೋಪಾಲಯ್ಯನವರು ಮಾತಿನ ಮಲ್ಲ. ಅವರ ಮಾತನ್ನು ಓದಲು ಬಳಗದಲ್ಲಿ ಸ್ವಲ್ಪ ಹಾಸ್ಯ ಪ್ರವೃತ್ತಿಯ ಹಿರಿಯರು ಒಬ್ಬರಿದ್ದರೆ ಸಾಕು, ಉಳಿದದ್ದನ್ನು ಪುಸ್ತಕವೇ ನೋಡಿಕೊಳ್ಳುತ್ತದೆ. ಗಾತ್ರವೂ ಚಿಕ್ಕದು, ಚೌತಿಯವರೆಗೆ ಕಾಯಬೇಕಾಗಿಲ್ಲ.

ಕೊಡಿಯಾಲಬೈಲಿನ ಓದುಗಿ:

ಮೇಲಿನವರ ಆಯ್ಕೆಯಲ್ಲಿ ದೋಷವಿಲ್ಲ, ಆದರೆ ನನ್ನ ಅಭಿಪ್ರಾಯ ಬೇರೆ. ‘ಮರಳಿ ಮಣ್ಣಿಗೆ’ಯಿಂದ ‘ಬೆಟ್ಟದ ಜೀವ’ಕ್ಕೆ ಹೋದರೆ ಭೂಮಿಯಿರುವ ಒಂದು ಮನೆಯ ಚಾವಡಿಯಿಂದ ಎದ್ದು ಇನ್ನೊಂದು ಮನೆಯ ಚಾವಡಿಯಲ್ಲಿ ಕೂತಂತಾಗುತ್ತದೆ. ಕರಾವಳಿ ಎಂದರೆ ಅಷ್ಟೇ ಅಲ್ಲವಲ್ಲ. ಐತಾಳರ ಮನೆಯವರು ಮಣ್ಣಿಗೆ ಮರಳಿ ಬರಬಹುದು, ಏಕೆಂದರೆ ಅವರಿಗೆ ಮರಳುವುದಕ್ಕೆ ಮಣ್ಣಿತ್ತು. ಅದೇ ಕಾರಂತರು 1933ರಲ್ಲೇ ಬರೆದ ‘ಚೋಮನ ದುಡಿ’ಯ ಚೋಮನ ಬಳಿ ಜೋಡಿ ಎತ್ತುಗಳಿವೆ, ಉಳುವುದಕ್ಕೆ ಅಂಗೈಯಗಲ ಗದ್ದೆಯಿಲ್ಲ; ಹುಟ್ಟಿದ ಜಾತಿಯ ಕಾರಣದಿಂದ ಅವನಿಗೆ ಬೇಸಾಯಕ್ಕೆ ಭೂಮಿ ಸಿಗುವುದೇ ಇಲ್ಲ. ಎತ್ತುಗಳನ್ನು ಕಟ್ಟಿಹಾಕಿ ಮೇವು ಹಾಕುತ್ತ, ರಾತ್ರಿ ದುಡಿ ಬಡಿಯುತ್ತ ಕೂರುವ ಆ ಮನುಷ್ಯನನ್ನು ಐತಾಳರ ಪಕ್ಕದಲ್ಲಿ ನಿಲ್ಲಿಸಿ ನೋಡಿದಾಗಲೇ ನಿಮ್ಮ ಬಳಗದ ಚರ್ಚೆಗೆ ನಿಜವಾದ ಕಾವು ಬರುತ್ತದೆ ಎಂದು ನನಗೆ ತೋರುತ್ತದೆ. ಬಿ. ವಿ. ಕಾರಂತರು ಇದನ್ನು 1975ರಲ್ಲಿ ಸಿನಿಮಾ ಮಾಡಿದ್ದಾರೆ, ಆದರೆ ಪುಸ್ತಕ ಮುಗಿಯುವ ಮೊದಲು ದಯವಿಟ್ಟು ಅದನ್ನು ನೋಡಬೇಡಿ. ನೋಡಿದರೆ ಚೋಮನ ಮಗಳು ಬೆಳ್ಳಿಯ ಮುಖ ನೀವು ಕಲ್ಪಿಸಿಕೊಂಡದ್ದಾಗಿ ಉಳಿಯುವುದಿಲ್ಲ.

ಇದರ ಜೊತೆಗೆ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಓದಿ. ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬಾಳಿ, 2023ರಲ್ಲಿ ತೀರಿಕೊಂಡ ಈ ಲೇಖಕಿಯ ಕಾದಂಬರಿ 1980ರ ದಶಕದ ಆರಂಭದಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದಿತ್ತು. ತಂದೆಯ ಹಟ, ಅದರ ಬೆನ್ನಿಗೆ ಬಂದ ತಲಾಕು, ಮತ್ತೆ ಅದೇ ಗಂಡನನ್ನು ಸೇರಬೇಕಾದರೆ ನಡುವೆ ಇನ್ನೊಬ್ಬನನ್ನು ಮದುವೆಯಾಗಿ ಬಿಡುಗಡೆ ಪಡೆಯಬೇಕೆಂಬ ಕಟ್ಟಳೆ, ಇವುಗಳ ಮಧ್ಯೆ ಸಿಕ್ಕಿದ ನಾದಿರಾಳನ್ನು ಯಾರೂ ಒಂದು ಮಾತು ಕೇಳುವುದಿಲ್ಲ. ಎಲ್ಲರೂ ಅವಳ ಒಳ್ಳೆಯದಕ್ಕೇ ಎಂದು ಹೇಳುತ್ತಲೇ ಇರುತ್ತಾರೆ. ಕೊನೆಯನ್ನು ನಾನು ಹೇಳುವುದಿಲ್ಲ. ಸರಸೋತಿಯ ಬಗ್ಗೆ ಮಾತಾಡುತ್ತ ಪುಸ್ತಕ ಮುಚ್ಚಿದ ನಿಮ್ಮ ಮುಂಬಯಿಯ ಅಕ್ಕನಿಗೆ ಈ ಪುಸ್ತಕ ಕೊಡಲೇಬೇಕು. ಭಾಷೆ ಸರಳ, ಅಲಂಕಾರವಿಲ್ಲ. ಒಂದೆರಡು ಕೂಟಗಳಲ್ಲಿ ಮುಗಿಯುವಷ್ಟು ಪುಟಗಳು.

ಹಳೆಯ ಪುಸ್ತಕಗಳ ಹುಳು:

ಕರಾವಳಿಯ ಕಾದಂಬರಿಯ ಮಾತು ಬಂದಾಗ 1899ರ ‘ಇಂದಿರಾಬಾಯಿ’ಯನ್ನು ಯಾರೂ ಹೆಸರಿಸದೆ ಇದ್ದುದು ನನಗೆ ಆಶ್ಚರ್ಯ. ಗುಲ್ವಾಡಿ ವೆಂಕಟರಾಯರು ಬರೆದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ಇದನ್ನು ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಹೇಳುತ್ತಾರೆ. ಎಳೆಯ ವಿಧವೆಯೊಬ್ಬಳು ಓದು ಕಲಿತು ಮರುಮದುವೆಯಾಗುವ ಕಥೆ ಇದು. ಕಪಟ ಸನ್ಯಾಸಿಗಳನ್ನೂ ಲಂಚಕೋರ ಅಧಿಕಾರಿಗಳನ್ನೂ ಅವರು ಚೆನ್ನಾಗಿ ಗೇಲಿ ಮಾಡುತ್ತಾರೆ. ಆದರೆ ಒಂದು ಎಚ್ಚರಿಕೆ: ಅದರ ವಾಕ್ಯಗಳು ಉದ್ದ, ಉಪದೇಶವೂ ಸಾಕಷ್ಟಿದೆ. ಗಟ್ಟಿಯಾಗಿ ಓದುವವರ ಉಸಿರು ಕಟ್ಟುತ್ತದೆ; ಮನೆಯಲ್ಲಿ ಒಬ್ಬೊಬ್ಬರೇ ಓದಿಕೊಂಡು ಬಂದರೆ ಒಳ್ಳೆಯದು. ಸಾಧ್ಯವಾದರೆ ಹೊಸ ಮುದ್ರಣವನ್ನೇ ಕೊಳ್ಳಿ, ಆಟಿ ತಿಂಗಳ ಜಡಿಮಳೆಯಲ್ಲಿ ಹಳೆಯ ಪ್ರತಿಗಳಿಗೆ ಬೂಸುರು ಹಿಡಿಯದೆ ಬಿಡುವುದಿಲ್ಲ.

ಕುಂದಾಪುರದವಳು, ಮನೆ ಉಡುಪಿಯಲ್ಲಿ:

ಗಟ್ಟಿಯಾಗಿ ಓದುವುದೇ ಮುಖ್ಯವಾದರೆ ಕಾದಂಬರಿಯೇ ಏಕಾಗಬೇಕು? ವೈದೇಹಿಯವರ ಕಥೆಗಳನ್ನು ತೆಗೆದುಕೊಳ್ಳಿ. ಒಂದು ಭಾನುವಾರಕ್ಕೆ ಒಂದು ಕಥೆ ಸಾಕು, ಮಳೆಯಿಂದ ಒಬ್ಬರು ಬಾರದೆ ಹೋದರೂ ಅವರಿಗೆ ಕೊಂಡಿ ತಪ್ಪುವುದಿಲ್ಲ. ‘ಅಕ್ಕು’ ಮತ್ತು ‘ಅಮ್ಮಚ್ಚಿಯೆಂಬ ನೆನಪು’ ಕಥೆಗಳ ಹೆಂಗಸರ ಮಾತು ಕಣ್ಣಿನಲ್ಲಿ ಓದಿದರೆ ಅರ್ಧ, ಕಿವಿಗೆ ಬಿದ್ದರೆ ಪೂರ್ತಿ. ನಮ್ಮ ಕುಂದಾಪ್ರ ಕಡೆಯ ಮಾತು ಬಲ್ಲವರು ಒಬ್ಬರು ಓದಲಿ. ‘ಗುಲಾಬಿ ಟಾಕೀಸು’ ಕಥೆಯನ್ನೂ ಸೇರಿಸಿಕೊಳ್ಳಿ. ಗಿರೀಶ ಕಾಸರವಳ್ಳಿಯವರ 2008ರ ಸಿನಿಮಾ ಮೂಲದಿಂದ ಸಾಕಷ್ಟು ದೂರ ಹೋಗಿರುವುದರಿಂದ ಎರಡನ್ನೂ ಇಟ್ಟುಕೊಂಡು ಒಂದಿಡೀ ಸಂಜೆ ವಾದ ಮಾಡಬಹುದು.

ಬೊಳುವಾರು ಮಹಮ್ಮದ್ ಕುಂಞಿಯವರ ‘ಸ್ವಾತಂತ್ರ್ಯದ ಓಟ’ವನ್ನು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ಅದು ನನಗೆ ಬಹಳ ಇಷ್ಟವಾದ ಕಾದಂಬರಿ, ಆದರೆ ಸಾವಿರ ಪುಟ ದಾಟುತ್ತದೆ. ಈ ಚೌತಿಗಲ್ಲ, ಬರುವ ವರ್ಷದ ಚೌತಿಗೆ.

ಉಡುಪಿಯ ಓದುಗ:

ಎಲ್ಲರಿಗೂ ಧನ್ಯವಾದಗಳು. ಬಳಗದವರ ಮುಂದೆ ಈ ಸಲಹೆಗಳನ್ನೆಲ್ಲ ಇಟ್ಟೆ. ‘ಚೋಮನ ದುಡಿ’ಯನ್ನು ಮೊದಲು ಓದುವುದೆಂದೂ, ಅದರ ಬೆನ್ನಿಗೇ ‘ಚಂದ್ರಗಿರಿಯ ತೀರದಲ್ಲಿ’ ಎಂದೂ ತೀರ್ಮಾನವಾಯಿತು. ಮಳೆ ಜೋರಾಗಿ ಹಾಜರಿ ಕಡಿಮೆಯಾದ ದಿನ ವೈದೇಹಿಯವರ ಒಂದು ಕಥೆ. ‘ಬೆಟ್ಟದ ಜೀವ’ದ ಪರವಾಗಿ ಬ್ಯಾಂಕಿನ ಹಿರಿಯರು ಇನ್ನೂ ಪಟ್ಟು ಹಿಡಿದಿದ್ದಾರೆ; ಗೋಪಾಲಯ್ಯನ ಮಾತುಗಳನ್ನು ತಾವೇ ಓದುವುದಾಗಿ ಈಗಲೇ ಹೇಳಿಯಾಗಿದೆ.

ಕೊಡಿಯಾಲಬೈಲಿನವರಲ್ಲಿ ಒಂದು ವಿನಂತಿ. ಸಾರಾ ಅವರ ಸಣ್ಣಕಥೆಗಳಲ್ಲಿ ಈ ಕಾದಂಬರಿಗೆ ಮುನ್ನ ಓದಬಹುದಾದದ್ದು ಯಾವುದಾದರೂ ಇದ್ದರೆ ತಿಳಿಸುತ್ತೀರಾ?

ಕೊಡಿಯಾಲಬೈಲಿನ ಓದುಗಿ:

ಮುನ್ನ ಏನೂ ಬೇಡ, ನೇರವಾಗಿ ಕಾದಂಬರಿಗೇ ಹೋಗಿ. ಕಥೆಗಳನ್ನು ಆಮೇಲೆ ಮಾತಾಡೋಣ.